ಎಂಪಿ ಮೇಷ್ಟ್ರು ಉಳಿಸಿದ ತರಗತಿ

ಮೇಷ್ಟ್ರ ಧರ್ಮಪತ್ನಿ ಗಂಗರತ್ನಮ್ಮನವರೇ, ಮಗ ಕುಮಾರೇಶ್, ಆಲಸನತ್ತಂ, ಜೂಜುವಾಡಿ, ಉದ್ದನಪಲ್ಲಿಯಿಂದ ಬಂದಿರುವ ಬಂಧುಗಳೇ, ಮುಂದೆ ಕೂತಿರುವ ಎಂಟನೇ ತರಗತಿ ಮಕ್ಕಳೇ — ಎಲ್ಲರಿಗೂ ನಮಸ್ಕಾರ. ನಾನು ಜಯಂತಿ. ನಮ್ಮನ್ನು ಅಗಲಿದ ಚನ್ನಕೇಶವ ಮೇಷ್ಟ್ರ ಜೊತೆ ಈ ಗಡಿನಾಡಿನ ಉದ್ದನಪಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳು.

ಮೇಷ್ಟ್ರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಂಚಾಯ್ತಿ ಅಧ್ಯಕ್ಷರಾದರು. ಆಮೇಲೆ ಎಂಪಿ ಚುನಾವಣೆಗೆ ನಿಂತರು. ಜೂಜುವಾಡಿಯಲ್ಲಿ ಓಟು ಕೇಳೋಕೆ ಹೋದಾಗ ಜನ ಚರಂಡಿ ಮಾಡಿಸಿಕೊಡಿ ಅಂದರು. ಬೇರೆಯವರಾದರೆ ಆಗಲಿ ಅಂತ ಕೈಮುಗಿದು ಮುಂದಕ್ಕೆ ಹೋಗುತ್ತಿದ್ದರು. ಇವರು — ಮೈಕು ಹಿಡಿದು, ಹೀಗೆ ಬೆರಳೆತ್ತಿ — ಚರಂಡಿ ಯಾರ ಕೆಲಸ, ಎಂಪಿ ಕೆಲಸ ಏನು ಅಂತ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪಾಠ ಮಾಡಿದರು. ಪಕ್ಷದವರು ತಲೆ ಮೇಲೆ ಕೈಹೊತ್ತು ಕೂತರು. ಮೇಷ್ಟ್ರು ಸೋತರು. ಮುಂದಿನ ಸಲವೂ ಅದೇ ಪಾಠ — ಸ್ವಲ್ಪ ಚಿಕ್ಕದಾಗಿ. ಗೆದ್ದರು.

ಅವರು ಎಂಪಿ ಆಗಿದ್ದಾಗಲೇ ನಮ್ಮ ಶಾಲೆಗೆ ಕುತ್ತು ಬಂತು. ಒಬ್ಬ ಮೇಷ್ಟ್ರು ನಿವೃತ್ತರಾದರು, ಬದಲಿಗೆ ಯಾರೂ ಬರಲಿಲ್ಲ. ಮಕ್ಕಳು ಕಮ್ಮಿಯಾಗಿ ಎಂಟನೇ ತರಗತಿ ಮುಚ್ಚುವ ಮಾತು ಬಂತು. ಓಡಿಹೋಗಿ ಚನ್ನಕೇಶವ ಮೇಷ್ಟ್ರಿಗೆ ಹೇಳಿದೆ. ಶಾಲೆ ರಾಜ್ಯದ್ದು, ನನ್ನ ಕೈಲಿಲ್ಲ ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು — ನಮಗೂ ಅದೇ ಪಾಠವಾ ಅಂತ.

ಮಾರನೇ ಬೆಳಿಗ್ಗೆ ನೋಡಿದರೆ ಮನೆಮನೆ ಬಾಗಿಲಲ್ಲಿ ನಿಂತಿದ್ದಾರೆ, ಮಕ್ಕಳನ್ನು ಕಳಿಸಿ ಅಂತ. ಕದಿರಮ್ಮ — ಅಲ್ಲಿ ಕೂತಿದ್ದಾರೆ ನೋಡಿ — ಮುಖಕ್ಕೇ ಕೇಳಿದರು:

"ಪಾಠ ಮಾಡೋರೇ ಇಲ್ದಿದ್ಮ್ಯಾಲೆ ಮಗೀನ ಯಾಕ್ ಕಳುಸ್ಲಿ ಸಾ?"

"ನಾನ್ ಬತ್ತೀನಿ ಕಣಮ್ಮ. ಡೆಲ್ಲಿಲಿ ಸಭೆ ಇಲ್ದಿದ್ ದಿನ ನಾನೇ ಪಾಠ ಮಾಡ್ತೀನಿ."

ಬಂದರು. ಎಂಪಿ ಕಾರು ಹುಣಸೆಮರದ ಕೆಳಗೆ, ಎಂಪಿ ತರಗತಿಯ ಕರಿಹಲಗೆ ಮುಂದೆ. ಕೆಲಸ ಇದೆ ಅಂತ ಹುಡುಕಿಕೊಂಡು ಬಂದ ಪಕ್ಷದವರೂ ಹಿಂದಿನ ಬೆಂಚಲ್ಲಿ ಕೂತು ಪಾಠ ಕೇಳಬೇಕಾಯಿತು. ಹೊಸ ಮೇಷ್ಟ್ರು ಬರುವವರೆಗೂ ತರಗತಿಯನ್ನು ಹಿಡಿದು ನಿಲ್ಲಿಸಿದರು. ಆ ಋಣ ನಮ್ಮೂರಿನ ಮೇಲಿದೆ. ಬದುಕಿದ್ದಾಗ ಹೇಳಿದರೆ ಮಾತು ಮರೆಸಿಬಿಡುತ್ತಿದ್ದರು — ಇವತ್ತು ಬಾಯಿತುಂಬ ಹೇಳುತ್ತೇನೆ.

ಮೊನ್ನೆ ಸುದ್ದಿ ತಿಳಿದ ಕೂಡಲೇ, ಶಾಲೆಗೆ ರಜ ಕೊಡುತ್ತೇವೆ ಅಂತ ಗಂಗರತ್ನಮ್ಮನವರಿಗೆ ಫೋನ್ ಮಾಡಿದೆ. ಅವರು ಹೇಳಿದರು:

"ಎಂಟನೇ ಕ್ಲಾಸ್ ಮಾತ್ರ ಮುಚ್ಬ್ಯಾಡಿ ತಾಯಿ. ಒಂದಿನಾನೂ ಬ್ಯಾಡ."

ಮುಚ್ಚಲಿಲ್ಲ. ಈ ಮಕ್ಕಳು ಇವತ್ತೂ ಪಾಠ ಮುಗಿಸಿಕೊಂಡೇ ಬಂದಿದ್ದಾರೆ, ಪುಸ್ತಕದ ಚೀಲ ಇನ್ನೂ ಹೆಗಲಲ್ಲೇ ಇದೆ. ಮಕ್ಕಳೇ, ಮೊದಲು ನೀವು ಎದ್ದು ನಿಲ್ಲಿ. ನಿಮ್ಮ ಹಿಂದೆ ನಾವೆಲ್ಲ ನಿಲ್ಲುತ್ತೇವೆ — ಒಂದು ನಿಮಿಷ, ಮಾತಿಲ್ಲದೆ.