ದಸ್ತಗಿರ್ ಕೊಟ್ಟ ದನಿ

ಎರಡು ಸಾವಿರದ ಐದರ ಬೇಸಿಗೆ. ಚಿಂತಾಮಣಿಯ ಸೀಡಿ ಅಂಗಡಿಯಲ್ಲಿ ಸಿನಿಮಾ ವಾಪಸ್ ಕೊಡಲು ನಿಂತಿದ್ದ ಸಂಘಮಿತ್ರಳ ಕಿವಿಗೆ, ಮುಂದೆ ನಿಂತಿದ್ದ ಟೈಲರ್ ಷಮೀಮಳ ಮಾತು ಬಿತ್ತು.

“ಹಳೇ ಕಾಲದ ಚೀನಾ ಕತೆ ಅಣ್ಣ, ಕುಂಗ್‌ಫೂ ಕಾಮಿಡಿ, ತೆಲುಗು ಡಬ್ಬಿಂಗು. ಅದ್ರಲ್ಲಿ ಮುದುಕ ಗುರುಗೆ ದನಿ ಕೊಟ್ಟಿರೋದು ನಮ್ಮೆಜಮಾನ್ರು ದಸ್ತಗಿರ್. ಮದುವೆಗೆ ಮುಂಚೆ, ಮದ್ರಾಸಲ್ಲಿದ್ದಾಗ.”

“ಅವರನ್ನೂ ಕರ್ಕೊಂಬರಬಾರ್ದೇನಮ್ಮ?”

“ಕ್ಯಾನ್ಸರ್ ಅಂತ ಹೋದ ತಿಂಗಳು ದನಿಪೆಟ್ಟಿಗೆ ತೆಗೆದ್ಬಿಟ್ರಣ್ಣ. ನಾಲ್ಕು ದಿನದಿಂದ ಗಂಜೀನೂ ಬೇಡ ಅಂತ ಮಲಗಿಬಿಟ್ಟಿದಾರೆ. ಅವರ ದನಿ ಅವರಿಗೇ ಕೇಳಿಸಿದ್ರೆ ಏನಾದ್ರೂ...”

ಅಂಗಡಿಯ ವೆಂಕಟರವಣಪ್ಪ ಡಿಸ್ಕ್ ಹುಡುಕಿ ಹಾಕಿದ. ಟೀವಿಯಲ್ಲಿ ಮುದುಕ ಗುರು ಶಿಷ್ಯನನ್ನು ಬೈಯತೊಡಗಿದ.

“ಇದು ಅವರ ದನಿ ಅಲ್ಲ.”

“ಸರಿಯಾಗಿ ಕೇಳಮ್ಮ.”

“ಹದಿನೆಂಟು ವರ್ಷ ಕೇಳಿದೀನಿ. ಅಲ್ಲ. ನಂಗೆ ಸುಳ್ಳು ಹೇಳಿದ್ರಾ?”

ವೆಂಕಟರವಣಪ್ಪ ಟೀವಿ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಸಿನಿಮಾದ ಹೋಟೆಲ್ ಮಾಣಿಯೊಬ್ಬ ಒದೆ ತಿಂದು ಮೆಟ್ಟಿಲಿಂದ ಉರುಳಿದ.

“ಅಮ್ಮೋ, ಚಚ್ಚಾನ್ರೋ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಂಘಮಿತ್ರಳೂ ನಕ್ಕಳು, ಷಮೀಮಳ ಮುಖ ಕಂಡು ಬಾಯಿ ಮುಚ್ಚಿಕೊಂಡಳು.

“ಇದೇ! ಅಣ್ಣ, ಇದೇ ಅವರು!”

“ಆ ಪಾತ್ರ ಅಷ್ಟೇ ಕಣಮ್ಮ. ಮತ್ತೆ ಬರಲ್ಲ.”

“ಇನ್ನೊಂದ್ಸಲ ಹಾಕಣ್ಣ.”

ಅವನು ಮೂರು ಸಲ ಹಾಕಿದ. ಮೂರು ಸಲವೂ ಮಾಣಿ ಸತ್ತೆನೆಂದು ಕೂಗಿದ. ಆಮೇಲೆ ಯಾರೂ ನಗಲಿಲ್ಲ.

“ಇದನ್ನ ತೋರಿಸಿದ್ರೆ, ಸುಳ್ಳು ಹೊರಬಿತ್ತು ಅಂತ ಕೋಪ ಮಾಡ್ಕೊಳಲ್ವೇನಮ್ಮ?”

“ಮಾಡ್ಕೊಳ್ಲಿ ಬಿಡಣ್ಣ,” ಎಂದು ಷಮೀಮ್ ಡಿಸ್ಕನ್ನು ಕೈಚೀಲದಲ್ಲಿಟ್ಟುಕೊಂಡಳು. “ಆ ಕೋಪಕ್ಕಾದ್ರೂ ಎದ್ದು ಕೂತ್ಕೊಳ್ಲಿ.”

ಬಿಸಿಲಿಗಿಳಿದು ಅವಳು ಬಿರಬಿರನೆ ನಡೆದುಹೋದಳು.