ಕೂರದ ಮಣ್ಣು

ಅಕ್ಕ ಒಪ್ಪಿದ್ದಳು, ನಿಜ. ಆದರೆ ಯಾವುದಕ್ಕೆ ಒಪ್ಪಿದ್ದಳು? ಹಲವು ವರ್ಷಗಳ ಹಿಂದೆ ಆಪರೇಷನ್ನಿಗೆ ಕರೆದೊಯ್ಯುವಾಗ, ಕೊಯ್ದು ಎಸೆಯೋ ಗಡ್ಡೆ ತಾನೆ, ನಿನ್ನ ಸಂಶೋಧನೆಗೆ ಆಗೋದಾದ್ರೆ ಇಟ್ಕೋ ಅಂದಿದ್ದಳು. ಅವಳು ಸತ್ತ ಮೇಲೂ ಆ ಗಡ್ಡೆಯ ಜೀವಕೋಶಗಳು ತನ್ನ ಪ್ರಯೋಗಾಲಯದಲ್ಲಿ ಬದುಕಿ ಬೆಳೆಯುತ್ತಲೇ ಇರುತ್ತವೆ ಎಂದು ಚನ್ನೇಶ ಬಿಡಿಸಿ ಹೇಳಿರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಕ್ಯಾನ್ಸರಿಗೆಂದು ಅವನು ತಯಾರಿಸುವ ಪ್ರತಿಯೊಂದು ಹೊಸ ರಾಸಾಯನಿಕದ ಮೊದಲ ಪರೀಕ್ಷೆ ಆ ಕೋಶಗಳ ಮೇಲೆ. ಅವನ ಹೆಸರು, ಹುದ್ದೆ, ವಿದ್ಯಾರ್ಥಿಗಳ ಪಿಎಚ್‌ಡಿ, ಎಲ್ಲ ನಿಂತಿರುವುದೂ ಅವುಗಳ ಮೇಲೆಯೇ.

ಶಿಕಾರಿಪುರದಲ್ಲಿ ನೀಲಾಂಬಿಕಕ್ಕನ ವರ್ಷದ ಪೂಜೆ ಮುಗಿದಿತ್ತು. ಊಟಕ್ಕೆ ಬಂದವರು ಮಳೆಗೆ ಸಿಕ್ಕಿ ಪಡಸಾಲೆಯಲ್ಲೇ ಉಳಿದರು. ಸೊರಬದ ದೊಡ್ಡಮ್ಮ ರಾಜೇಶ್ವರಮ್ಮ ವೀಳ್ಯದೆಲೆ ಮಡಿಸಿ ಬಾಯಿಗಿಟ್ಟು, ಅಕ್ಕನ ಮಗಳು ಧನ್ಯಾಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಮೊದಲು ಚನ್ನೇಶನಿಗೇ ಒಂದು ಕುಟುಕಿದರು: "ನಮ್ಮ ಡಾಕ್ಟ್ರನ್ನ ನೋಡ್ರಿ, ಮಂಡಿನೋವಿಗೆ ಮಾತ್ರೆ ಕೇಳಿದ್ರೆ, ಕಂಡುಹಿಡಿಯಾಕೆ ಇನ್ನೂ ಹದಿನೈದು ವರ್ಷ ಬೇಕು ಅಂತಾನೆ. ಅಲ್ಲೀತನಕ ಮಂಡಿ ಇರಬೇಕಲ್ಲ?"

ನಗು ನಿಂತ ಮೇಲೆ ದನಿ ಇಳಿಸಿದರು.

"ಕೇಳ್ರಿ... ಮಣ್ಣು ಮಾಡಿ ಒಂದು ಮಳೆಗಾಲ ಕಳೆದ್ರೆ ಗುಂಡಿ ಮೇಲಿನ ಮಣ್ಣು ಕೂರ್ತದೆ. ಕೂತ ಮೇಲೇ ಅಲ್ವಾ ನಾವು ಕಟ್ಟೆ ಕಟ್ಟಿಸೋದು? ಇವಳದ್ದು ಒಂದು ಬೆರಳೂ ಇಳಿದಿಲ್ಲ. ಗಾರೆ ಕೆಲಸದ ನಾಗರಾಜ ಬಂದವನು ಕಲ್ಲು ಇಳಿಸದೇ ವಾಪಸ್ ಹೋದ, ಒಳಗಿರೋರು ಪೂರ್ತಿ ಬಂದಿಲ್ರಮ್ಮ ಅಂದ. ಬಂದಿಲ್ಲ ಅಂದ್ರೆ ಎಲ್ಲಿದಾಳೆ?... ನಾನು ಹೇಳ್ತೀನಿ. ಸೊರಬದ ನಮ್ಮನೇಲಿ, ಹಾಡಹಗಲು, ನಾನು ಅಕ್ಕಿರೊಟ್ಟಿ ತಟ್ತಾ ಇರುವಾಗ ಬೆನ್ನ ಹಿಂದೆ ಬಂದು ನಿಲ್ತಾಳೆ. ಕೈ ಹಿಡಿದ್ರೆ ಬೆಚ್ಚಗಿರ್ತದೆ. ಸತ್ತೋರ ಕೈ ಬೆಚ್ಚಗಿರ್ತದಾ, ನೀವೇ ಹೇಳ್ರಿ?"

ಪ್ರಯೋಗಾಲಯದಲ್ಲಿ ಅಕ್ಕನ ಕೋಶಗಳನ್ನು ಸರಿಯಾಗಿ ಮೈಬಿಸಿಯಷ್ಟೇ ಬಿಸಿಯಲ್ಲಿ ಇಟ್ಟಿರುವ ಪೆಟ್ಟಿಗೆ ಚನ್ನೇಶನ ಕಣ್ಮುಂದೆ ಬಂತು.

"ಉಂಡ್ಯೇನವ್ವ ಅಂದೆ. 'ಉಣ್ಣಕ್ಕಿಡ್ತಾರೆ ದೊಡ್ಡಮ್ಮ. ಉಂಡು ಚೇತರಿಸ್ಕೊಂಡ ಮೇಲೆ ವಿಷ ಹಾಕ್ತಾರೆ. ಸಾಯ್ತೀನಿ. ಉಳಿದ ಚೂರಿಗೆ ಮತ್ತೆ ಉಣ್ಣಕ್ಕಿಡ್ತಾರೆ' ಅಂದ್ಳು. ಯಾರವ್ವ ಅಂಥೋರು ಅಂತ ಕೇಳಿದ್ರೆ... ಅದೊಂದಕ್ಕೆ ಬಾಯಿ ಬಿಡಲ್ಲ. ತುಂಬ ಬೇಕಾದವರ ಹೆಸರು ಹೇಳಾಕೆ ಹಿಂಜರಿದಂಗೆ ತಲೆ ತಗ್ಗಿಸ್ತಾಳೆ."

ಧನ್ಯಾ ಅವನ ಕಡೆ ತಿರುಗಿದಳು. "ಮಾಮ, ನೀನು ಓದಿದೋನು. ಅಮ್ಮ ಪೂರ್ತಿ ಹೋಗಿದಾಳೆ ತಾನೆ?"

ನಿಜ ಹೇಳಿದರೆ ಇವಳು, ಆ ಕೋಶಗಳನ್ನೆಲ್ಲ ತಂದು ಮಣ್ಣಿಗೆ ಹಾಕು ಅನ್ನುತ್ತಾಳೆ. ಅನ್ನಲೇಬೇಕು.

"ಹೋಗಿದಾಳೆ ಕಣಮ್ಮ," ಎಂದ.

ದೊಡ್ಡಮ್ಮ ಎಲೆಯ ತೊಟ್ಟು ಚಿವುಟುತ್ತಾ ಅವನನ್ನೇ ನೋಡಿದರು.

"ಹೋಗಿದ್ರೆ ಒಳ್ಳೇದಪ್ಪ... ಇಷ್ಟು ದಿನ ಒಬ್ಬಳೇ ಬರ್ತಿದ್ಳು. ನಿನ್ನೆ ಬಾಗಿಲಲ್ಲಿ ಇಬ್ಬರು ನಿಂತಿದ್ರು. ಇಬ್ಬರೂ ಅವಳೇ."

ಹೋದ ವಾರ ಅಕ್ಕನ ಕೋಶಗಳಲ್ಲಿ ಅರ್ಧವನ್ನು ಪುಣೆಯ ಗೆಳೆಯನ ಪ್ರಯೋಗಾಲಯಕ್ಕೆ ಕಳಿಸಿದ್ದನ್ನು ಚನ್ನೇಶ ಯಾರಿಗೂ ಹೇಳಲಿಲ್ಲ.