ಕೇಳುವುದನ್ನು ಕಲಿತ ಸಾಹುಕಾರ

ಶರಣಬಂಧುಗಳೇ, ಮೊಬೈಲು ಒಳಗಿಡಿ. ಹಿಂದಿನ ಸಾಲಿನಲ್ಲಿ ಕೂತವರೇ, ನಿಮಗೇ ಹೇಳುತ್ತಿರುವುದು. ಇವತ್ತು ಕೇಳುವುದು ಅಂದರೇನು ಅನ್ನುವುದರ ಮೇಲೆ ಮಾತಾಡೋಣ ಅಂತ ನಾನು ಬಂದರೆ, ನೀವು ಕೇಳುವ ಮೊದಲೇ ವಿಡಿಯೋ ಶುರು ಮಾಡಿಬಿಟ್ಟಿರಿ. ಆಮೇಲೆ ನೋಡುತ್ತೀರೇನು ಅದನ್ನು? ಯಾರೂ ನೋಡುವುದಿಲ್ಲ. ನನಗೆ ಗೊತ್ತು.

ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಅಪ್ಪ ಬಿಟ್ಟುಹೋದ ಸಣ್ಣ ಗಾಣವನ್ನು ದೊಡ್ಡ ಎಣ್ಣೆ ಮಿಲ್ಲು ಮಾಡಿದ ಮನುಷ್ಯ. ಯಾವ ಊರು, ಏನು ಹೆಸರು ಅಂತ ಕೇಳಬೇಡಿ. ಹೆಸರು ಹೇಳಿದೆ ಅಂದರೆ ನೀವೆಲ್ಲ ಅವನನ್ನು ಬೈದು, ಹಾಯಾಗಿ ಮನೆಗೆ ಹೋಗಿ ಮಲಗಿಬಿಡುತ್ತೀರಿ.

ಈ ಸಾಹುಕಾರ ಕೆಟ್ಟವನಲ್ಲ. ಸಂಬಳ ತಪ್ಪಿಸಿದವನಲ್ಲ. ಹಬ್ಬಕ್ಕೆ ಎಲ್ಲರ ಮನೆಗೂ ಎಣ್ಣೆ ಡಬ್ಬಿ ಕಳಿಸುತ್ತಿದ್ದ. ಒಂದೇ ಒಂದು ಕೊರತೆ. ಬಾಯಿ ಇತ್ತು, ಕಿವಿ ಇರಲಿಲ್ಲ. ಸೋಮವಾರ ಮುಂಜಾನೆ ತನ್ನ ಮ್ಯಾನೇಜರುಗಳನ್ನೆಲ್ಲ ಕರೆದು ಮೀಟಿಂಗ್ ಮಾಡುತ್ತಿದ್ದ. ಮೀಟಿಂಗ್ ಅಂದರೆ ಏನು? ಇವನು ಮಾತಾಡುವುದು, ಅವರು ತಲೆ ತಗ್ಗಿಸಿ ಕೂರುವುದು. ಯಾರಾದರೂ ಬಾಯಿ ತೆರೆದರೆ, "ನಿಂದು ನನಗ ಗೊತ್ತೈತಿ, ಕೂಡು" ಅನ್ನುತ್ತಿದ್ದ. ಒಳ್ಳೊಳ್ಳೆಯ ಮ್ಯಾನೇಜರುಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಖರೀದಿ ನೋಡಿಕೊಳ್ಳುವವನೂ ಹೋದ. ಅವನ ಜಾಗಕ್ಕೆ ಯಾರನ್ನೂ ತರಲಿಲ್ಲ. ಮಿಲ್ಲು ನೋಡಿಕೊಳ್ಳುತ್ತಿದ್ದ ಹಳೆಯ ಮ್ಯಾನೇಜರು ಇದ್ದನಲ್ಲ, ಅಪ್ಪನ ಕಾಲದಿಂದ ಇದ್ದವನು, ಆ ಕೆಲಸವನ್ನೂ ಅವನ ತಲೆಗೇ ಕಟ್ಟಿದ. ಯಾಕೆ? ಅವನು ಇಲ್ಲ ಅನ್ನುವುದಿಲ್ಲ, ಅದಕ್ಕೆ. ನಿಮ್ಮ ಮನೆಗಳಲ್ಲೂ ಹಾಗೇ ಅಲ್ಲವೇನು? ಇಲ್ಲ ಅನ್ನದವರ ತಲೆಯ ಮೇಲೇ ಎಲ್ಲವೂ ಬಂದು ಕೂರುತ್ತದೆ.

ಸಾಹುಕಾರನ ಅಳಿಯ ಓದಿದವನು. ಅವನು ಒಂದಿನ ಹೇಳಿದ, "ಮಾವಾರ, ಹಿಂಗಾದ್ರ ಮಂದಿ ಉಳಿಯಂಗಿಲ್ಲ. ಪ್ಯಾಟ್ಯಾಗ ಒಬ್ರು ಕೋಚ್ ಅದಾರ, ಕರಸೂಣು." ಕೋಚ್ ಅಂದ ಕೂಡಲೇ ನೀವು ಕಬಡ್ಡಿ ಕಲಿಸುವವನು ಅಂದುಕೊಂಡಿರಿ. ಅಲ್ಲ. ಈಗ ದೊಡ್ಡ ದೊಡ್ಡ ಯಜಮಾನರಿಗೆ ಯಜಮಾನಿಕೆ ಹೇಗೆ ಮಾಡಬೇಕು ಅಂತ ಕಲಿಸುವವರೂ ಇದ್ದಾರೆ. ಯಜಮಾನನ ಜೊತೆ ಕೂತು ಮಾತಾಡುತ್ತಾರೆ, ಅವನ ಕೈಕೆಳಗಿನವರನ್ನೂ ಕೂಡಿಸಿ ಮಾತಾಡುತ್ತಾರೆ, ಎಲ್ಲಿ ಎಡವುತ್ತೀರಿ ಅಂತ ತೋರಿಸುತ್ತಾರೆ. ನಗಬೇಡಿ. ಒಳ್ಳೆಯ ಕೆಲಸವೇ ಅದು. ತಿದ್ದುವವರು ಯಾರೂ ಇಲ್ಲದ ಯಜಮಾನ ಎಂಥವನಾಗುತ್ತಾನೆ ಅನ್ನುವುದನ್ನು ನೀವೂ ನೋಡಿದ್ದೀರಿ.

ಕೋಚ್ ಬಂದ. ತಿಳಿದವನು, ಸಮಾಧಾನಿ. ಸಾಹುಕಾರನಿಗೆ ಒಂದು ಅಭ್ಯಾಸ ಕಲಿಸಿದ. ನೋಡಿ, ಅದಕ್ಕೆ ಎರಡು ಭಾಗ. ಮೊದಲನೆಯದು, ಸೋಮವಾರದ ಮೀಟಿಂಗಿನಲ್ಲಿ ಒಂದು ತಾಸು ಸಾಹುಕಾರ ಬಾಯಿ ಬಿಡುವ ಹಾಗಿಲ್ಲ. ಮ್ಯಾನೇಜರುಗಳು ಮಾತಾಡಬೇಕು. ನಡುವೆ ತಡೆಯಬಾರದು, ಉತ್ತರ ಕೊಡಬಾರದು. ಅವರು ಮುಗಿಸಿದ ಮೇಲೆ, ಅವರು ಹೇಳಿದ್ದನ್ನೇ ತಿರುಗಿ ಅವರಿಗೆ ಹೇಳಿ, "ನೀವು ಹೇಳಿದ್ದು ಇದು, ನನಗೆ ಅರ್ಥವಾಯಿತು" ಅನ್ನಬೇಕು. ಎರಡನೆಯ ಭಾಗ, ಮರುದಿನ ಮಧ್ಯಾಹ್ನದ ಊಟದೊಳಗೆ ಸಾಹುಕಾರನೇ ಎದ್ದು ಅವರ ಕೋಣೆಗೆ ಹೋಗಿ, "ಇಷ್ಟು ಮಾಡುತ್ತೇನೆ, ಇಷ್ಟು ಮಾಡಲಾರೆ" ಅಂತ ಮುಖಾಮುಖಿ ಹೇಳಬೇಕು.

ಮೊದಲನೆಯದು ಸಾಹುಕಾರನಿಗೆ ಕಷ್ಟವಾಯಿತು. ನಾಲಿಗೆ ಕಚ್ಚಿಕೊಂಡು ಕೂತ. ಆದರೆ ಬರಬರುತ್ತಾ ರುಚಿ ಹತ್ತಿತು. ಯಾಕೆ ಹತ್ತಿತು ಗೊತ್ತೇನು? ಎಲ್ಲರೂ ಹೊಗಳುತ್ತಿದ್ದರು. "ನಮ್ಮ ಸಾವ್ಕಾರ್ರು ಎಷ್ಟ್ ಬದಲಾಗ್ಯಾರ!" ಅಂತ ಅವನಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದರು. ಒಬ್ಬೊಬ್ಬರ ಮಾತು ಮುಗಿದಾಗ ಚಪ್ಪಾಳೆ ಹೊಡೆಯುವ ಪದ್ಧತಿಯನ್ನೂ ಆ ಮ್ಯಾನೇಜರುಗಳೇ ಹುಟ್ಟಿಸಿದರು. ಕೋಚ್ ಹೇಳಿದ್ದಲ್ಲ ಅದು.

ಎರಡನೆಯದೋ? ಒಂದೆರಡು ವಾರ ಮಾಡಿದ, ಬಿಟ್ಟ. ಯಾಕಂದರೆ ಅದರಲ್ಲಿ ಕೈ ಬಿಚ್ಚಬೇಕು. ಒಬ್ಬನಿಗೆ ರಜೆ ಕೊಡಬೇಕು, ಇನ್ನೊಬ್ಬನಿಗೆ ಕೈಯಾಳು ಕೊಡಬೇಕು. ಇಲ್ಲ ಅನ್ನಬೇಕಾದರೆ ಅವನ ಕಣ್ಣು ನೋಡಿ ಅನ್ನಬೇಕು. ಸಾಹುಕಾರ ಕೋಚಿಗೆ ಹೇಳಿದ, "ಸರ್, ಮೊದಲಿಂದು ಪಕ್ಕಾ ಆಗಲಿ, ಎರಡನೇದು ಆಮ್ಯಾಲ ನೋಡೂಣು." ಕೋಚಿಗೆ ಗೊತ್ತಿತ್ತು, ಇದು ಸರಿಯಲ್ಲ ಅಂತ. ಆದರೂ ಗಿರಾಕಿ ಖುಷಿಯಾಗಿದ್ದಾನೆ. ಆಯಿತು ಸರ್ ಅಂದುಬಿಟ್ಟ. ಪಾಪ ಎಲ್ಲಿಂದ ಶುರುವಾಗುತ್ತದೆ ಅಂತ ಕೇಳುತ್ತೀರಲ್ಲ, ಇಂಥ ಆಯಿತು ಸರ್‌ಗಳಿಂದ ಶುರುವಾಗುತ್ತದೆ.

ಹೀಗಿರುವಾಗ ಒಂದು ಸೋಮವಾರ ಆ ಹಳೆಯ ಮ್ಯಾನೇಜರು ಎದ್ದು ನಿಂತ. ಅಲ್ಲಿಯ ತನಕ ಅವನು ತನ್ನದು ಅಂತ ಒಂದು ಮಾತೂ ಆಡಿದವನಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದ.

"ಸಾವ್ಕಾರ್ರ, ನನ್ನ ಕಡಿಂದ ಆಗವಲ್ದರಿ. ಎರಡೂ ಕೆಲಸ ನನ್ನ ತಲಿ ಮ್ಯಾಲ ಅದಾವು. ಮುಂಜಾನೆ ಗೇಟ್ ಕಂಡ್ರ ಎದಿ ಡವಡವ ಅಂತೈತಿ. ನಿದ್ದಿ ಇಲ್ಲ, ಉಂಡದ್ದು ಸೇರವಲ್ದು. ಖರೀದಿ ಕೆಲಸ ಬ್ಯಾರೇದವ್ರಿಗೆ ಕೊಡ್ರಿ. ಇದನ್ನ ಎಲ್ಲಾರ ಮುಂದ ಹೇಳಾಕ ನನಗ ನಾಚಿಕಿ ಆಗ್ತೈತಿ. ಆದ್ರ ಹೇಳಲಿಲ್ಲಂದ್ರ ನಾ ಉಳಿಯಂಗಿಲ್ಲ ಅನಸ್ತೈತ್ರಿ."

ಉಳಿಯುವುದಿಲ್ಲ ಅಂದ, ಶರಣರೇ. ಬಾಯಿಬಿಟ್ಟು ಅಂದ. ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳಬೇಕು ಒಬ್ಬ ಮನುಷ್ಯ?

ಸಾಹುಕಾರ ನಡುವೆ ತಡೆಯಲಿಲ್ಲ. ಮೊಬೈಲು ಮುಟ್ಟಲಿಲ್ಲ. ಕಣ್ಣಲ್ಲಿ ನೀರು ಕೂಡ ತಂದುಕೊಂಡ, ಸುಳ್ಳಲ್ಲ, ನಿಜವಾಗಿಯೂ ಬಂತು. ಮುಗಿದ ಮೇಲೆ ಅಂದ, "ನಿಮಗ ಎರಡು ಕೆಲಸದ ಭಾರ ಆಗೈತಿ, ನಿದ್ದಿ ಇಲ್ಲ, ಒಂದು ಕೆಲಸ ಬಿಡಸ್ರಿ ಅಂತ ನೀವು ಹೇಳಾಕತ್ತೀರಿ. ನನಗ ಅರ್ಥ ಆತು." ಆ ಮೇಜಿನ ಸುತ್ತ ಕೂತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಸಾಯುತ್ತೇನೆ ಅಂತ ಅಂದವನಿಗೆ ಚಪ್ಪಾಳೆ! ಅವರಲ್ಲಿ ಒಬ್ಬನಾದರೂ ಹೊರಗೆ ಬಂದ ಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ಅರ್ಧ ನಾ ನೋಡ್ಕೋತೀನಿ ಬಿಡಪಾ" ಅಂದನೇ? ಇಲ್ಲ. ಅವನು ಹೇಳಿದ್ದಾಗಿದೆ, ಸಾವ್ಕಾರ್ರು ಕೇಳಿದ್ದಾಗಿದೆ, ಇನ್ನು ನಮ್ಮದೇನು ಅಂತ ಚಹಾಕ್ಕೆ ಹೋದರು.

ಅವನು ಮಾತ್ರ ಅವತ್ತು ಹಗುರಾಗಿ ಮನೆಗೆ ಹೋದ. ಹೆಂಡತಿಗೆ, "ಇವತ್ತ ಹೇಳಿಬಿಟ್ನಿ. ಪೂರಾ ಕೇಳಿಸ್ಕೊಂಡ್ರು. ಕಣ್ಣಾಗ ನೀರು ಬಂತು ಅವರಿಗೆ" ಅಂದ. ರೊಟ್ಟಿ ಇನ್ನೊಂದು ಹಾಕಿಸಿಕೊಂಡು ಉಂಡ. ಮರುದಿನ ಕಾದ. ಆ ವಾರವೆಲ್ಲ ಕಾದ. ಕೋಣೆಯ ಬಾಗಿಲು ಸಪ್ಪಳವಾದರೆ ಎದ್ದು ನಿಲ್ಲುತ್ತಿದ್ದ. ಖರೀದಿಯ ಫೋನುಗಳು ಅವನಿಗೇ ಬರುತ್ತಿದ್ದವು. ಶೇಂಗಾ ಲಾರಿಗಳು ಅವನ ಹೆಸರಿಗೇ ಬಂದು ನಿಲ್ಲುತ್ತಿದ್ದವು. ಸಾಹುಕಾರನ ಬಾಗಿಲಿಗೆ ಹೋಗಿ ಇನ್ನೊಂದು ಸಲ ಕೇಳೋಣವೇ ಅಂದುಕೊಂಡ. ಕೇಳಿಸಿಕೊಂಡಿದ್ದಾರಲ್ಲ, ಮತ್ತೆ ಕೇಳಿದರೆ ಏನು ತಿಳಿದಾರು ಅಂತ ಸುಮ್ಮನಾದ.

ಅದೇ ಹೊತ್ತಿಗೆ ವ್ಯಾಪಾರಸ್ಥರ ಸಂಘದವರು ಒಂದು ಸಭೆ ಇಟ್ಟುಕೊಂಡರು. ಅದರಲ್ಲಿ ನಮ್ಮ ಸಾಹುಕಾರನ ಭಾಷಣ. ವಿಷಯ ಏನು? ಕೈಕೆಳಗಿನವರ ಮಾತು ಕೇಳುವುದು ಹೇಗೆ ಅಂತ! ಶಾಲು ಹೊದಿಸಿದರು, ಹಾರ ಹಾಕಿದರು. ಮ್ಯಾನೇಜರುಗಳೆಲ್ಲ ಬಂದು ಸಾಲಾಗಿ ಕೂತಿದ್ದರು, ಆ ಹಳೆಯ ಮ್ಯಾನೇಜರೂ ಕೂತಿದ್ದ. ಸಾಹುಕಾರ ಮೈಕಿನಲ್ಲಿ ಹೇಳಿದ, "ಮೊದಲ ನನ್ನ ಮುಂದ ಬಾಯಿ ಬಿಡಾಕ ಹೆದರತಿದ್ರು. ಈಗ ನೋಡ್ರಿ, ನಮ್ಮ ಹಿರೇ ಮ್ಯಾನೇಜರು ಎದ್ದು ನಿಂತು, ನನಗ ನಿದ್ದಿ ಬರವಲ್ದು, ಎದಿ ಡವಡವ ಅಂತೈತಿ ಅಂತ ನನ್ನ ಮುಂದ ಹೇಳ್ಕೊಂಡ್ರು. ಅಷ್ಟ್ ಸಲಿಗಿ ಬಂದೈತಿ ನಮ್ಮ ಮಿಲ್ಲಿನ್ಯಾಗ!" ಸಭೆಯೆಲ್ಲ ತಿರುಗಿ ಆ ಮ್ಯಾನೇಜರನ್ನು ನೋಡಿತು. ಅವನು ಎದ್ದು ಎಲ್ಲರಿಗೂ ನಮಸ್ಕಾರ ಮಾಡಿದ.

ಥೂ! ಇನ್ನೇನನ್ನಲಿ ನಾನು. ಅವನ ಎದೆಯ ನೋವು ಇವನಿಗೆ ಒಂದು ಉದಾಹರಣೆಯಾಯಿತು.

ಮನೆಗೆ ಬಂದ ಅವನು ಅಂಗಿಯನ್ನೂ ತೆಗೆಯದೆ ಕೂತ. ಯಾಕೆ ಹಿಂಗದೀರಿ ಅಂತ ಹೆಂಡತಿ ಕೇಳಿದಳು. "ಇನ್ನ ಹೇಳೂದು ಏನೂ ಉಳಿದಿಲ್ಲ" ಅಂದ. ಅಷ್ಟೇ. ಮುಂಜಾನೆ ಎದ್ದು ಮಿಲ್ಲಿಗೆ ಹೋದ. ಲಾರಿ ಒಳಗೆ ಬಿಡಿಸುತ್ತಾ ನಿಂತಿದ್ದವನು ಗೇಟಿನ ಹತ್ತಿರವೇ ಎದೆ ಹಿಡಿದುಕೊಂಡು ಕುಸಿದ. ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಮಣ್ಣು ಮುಗಿದ ಮೇಲೆ ಸಾಹುಕಾರ ಅವನ ಮನೆಗೆ ಹೋದ. ಚಾಪೆಯ ಮೇಲೆ ಕೂತ. ನಿಜಕ್ಕೂ ಕುಗ್ಗಿಹೋಗಿದ್ದ. "ತಂಗಿ, ಇಷ್ಟ್ ಆಗೈತಿ ಅಂತ ನನಗ ಒಂದ್ ಮಾತು ಹೇಳಬಾರದಾಗಿತ್ತಾ ಅವರು?" ಅಂತ ಅತ್ತ.

ಆ ಹೆಣ್ಣುಮಗಳು ಕೂಗಾಡಲಿಲ್ಲ. "ಹೇಳ್ಯಾರಲ್ರಿ ಸಾವ್ಕಾರ್ರ. ನಿಮ್ಮ ಮುಂದ ನಿಂತು ಹೇಳ್ಯಾರ. ನೀವು ಆಗಂಗಿಲ್ಲ ಅಂದಿದ್ರ ಅವರು ಅವತ್ತ ಕೆಲಸ ಬಿಟ್ಟು ಮನೀಗೆ ಬರತಿದ್ರು. ನಾವು ಗಂಜಿ ಕುಡದು ಇರತಿದ್ವಿ. ನೀವು ಇಲ್ಲ ಅನಲಿಲ್ಲ, ಹೌದು ಅನಲಿಲ್ಲ. ಕೇಳಿದ್ರಿ. ಅದಕ್ಕ ಅವರು ಕಾದ್ರು. ಕಾದು ಕಾದು ಹೋದ್ರು."

ಈಗ ಕೇಳಿ, ಸಾಹುಕಾರ ಏನು ಮಾಡಿದ. ರೂಢಿಯಾಗಿಬಿಟ್ಟಿತ್ತಲ್ಲ, ಬಾಯಿಂದ ತಾನಾಗಿ ಅದೇ ಬಂತು. "ನಾನು ಕೇಳಿದೆ, ಅದಕ್ಕ ಅವರು ಕಾದ್ರು ಅಂತ ನೀವು ಹೇಳಾಕತ್ತೀರಿ. ನನಗ ಅರ್ಥ ಆತು."

ಆಕೆ ಎದ್ದು ಒಳಗೆ ಹೋದಳು. ಸಾಹುಕಾರ ಸಂಜೆಯ ತನಕ ಆ ಚಾಪೆಯ ಮೇಲೆ ಒಬ್ಬನೇ ಕೂತಿದ್ದ. ಯಾರೂ ಹೊರಗೆ ಬರಲಿಲ್ಲ.

ಕಥೆ ಮುಗಿಯಿತು. ಸಾಹುಕಾರ ಆಮೇಲೆ ಸುಧಾರಿಸಿದನೇ ಅಂತ ಮುಂದೆ ಕೂತ ಅಕ್ಕ ಕೇಳುತ್ತಿದ್ದಾರೆ. ಸುಧಾರಿಸಿದರೆ ಏನು ಬಂತವ್ವಾ? ಹೋದವನು ಎದ್ದು ಬರುತ್ತಾನೇನು? ಆ ಸಮಾಧಾನ ನಾನು ನಿಮಗೆ ಕೊಡುವುದಿಲ್ಲ.

ಇಲ್ಲಿ ಮಿಲ್ಲು ಇದ್ದವರು ಯಾರೂ ಇಲ್ಲ, ಇದು ದೊಡ್ಡವರ ಕಥೆ, ನಮಗಲ್ಲ ಅಂತ ಅಂದುಕೊಳ್ಳುತ್ತಿದ್ದೀರಿ. ಒಂದು ಮಾತು ಕೇಳುತ್ತೇನೆ. ನಿಮ್ಮ ಮಾತಿಗೆ ಕಾದು ಕೂತವರು ಒಬ್ಬರಾದರೂ ಇದ್ದಾರಲ್ಲ? ಹಾಗಿದ್ದರೆ ನೀವೂ ಯಜಮಾನರೇ. ಸೊಸೆ ಹೇಳುತ್ತಾಳೆ, ಅತ್ತೆ, ಬೆನ್ನು ನೋಯುತ್ತದೆ ಅಂತ. ಹೂಂ ಅನ್ನುತ್ತೀರಿ. ಗಂಡ ಹೇಳುತ್ತಾನೆ, ಈ ಕೆಲಸ ನನ್ನನ್ನು ತಿನ್ನುತ್ತಿದೆ ಅಂತ. ಪಾಪ ಅನ್ನುತ್ತೀರಿ. ಮಗಳು, ಆ ಕಾಲೇಜು ಬೇಡಪ್ಪಾ, ಅಲ್ಲಿ ನನಗೆ ಹೆದರಿಕೆ ಅಂದರೆ ತಲೆ ಸವರುತ್ತೀರಿ. ಹೂಂ ಅಂದದ್ದು ಉತ್ತರವಲ್ಲ. ತಲೆ ಸವರಿದ್ದು ಉತ್ತರವಲ್ಲ. ಕಣ್ಣೀರು ಕೂಡ ಉತ್ತರವಲ್ಲ, ನೋಡಿ! ಅವರು ಅದನ್ನು ಉತ್ತರ ಅಂತ ತಿಳಿದು ಕಾಯುತ್ತಾರೆ. ನೀವು ಮರೆತುಬಿಡುತ್ತೀರಿ.

ಇವತ್ತು ಮುಂಜಾನೆ ನಾನು ನಮ್ಮ ಮಠದ ದಾಸೋಹದ ಅಡಿಗೆ ಮನೆ ಕಡೆ ಹೋಗಿದ್ದೆ. ಅನ್ನ ಮಾಡುವ ಫಕೀರವ್ವ ಗೋಡೆ ಹಿಡಿದು ನಿಂತಿದ್ದಳು. ಯಾಕವ್ವಾ ಅಂದೆ. "ಒಲಿ ಮುಂದ ನಿಂತ್ರ ತಲಿ ಸುತ್ತತೈತ್ರಿ ಅಜ್ಜಾರ" ಅಂದಳು. ಕಮಿಟಿಯವರಿಗೆ ಹೇಳಿಲ್ಲವೇನು ಅಂದರೆ, "ಹೇಳೀನ್ರಿ. ಎಲ್ಲಾರೂ ಕೇಳ್ಯಾರ. ನಿನ್ನ ಸೇವಾ ದೊಡ್ಡದು ಅಂದ್ರು" ಅಂದಳು. ಕಮಿಟಿಯ ಮಂದಿ ಎದುರಿಗೇ ಕೂತಿದ್ದೀರಿ. ತಲೆ ಯಾಕೆ ಕೆಳಗೆ ಹಾಕುತ್ತೀರಿ? ನನ್ನನ್ನು ನೋಡಿ.

ಇವತ್ತಿನಿಂದ ಇಷ್ಟು ಮಾಡಿ. ಯಾರಾದರೂ ನಿಮ್ಮ ಮುಂದೆ ತಮ್ಮ ಭಾರ ಹೇಳಿಕೊಂಡರೆ ಅರ್ಥವಾಯಿತು ಅಂತ ಅಲ್ಲಿಗೇ ಬಿಡಬೇಡಿ. ಮರುದಿನ ನೀವೇ ಅವರಿದ್ದಲ್ಲಿಗೆ ಹೋಗಿ. ಮಾಡುತ್ತೇನೆ ಅನ್ನುವುದಾದರೆ ಏನು ಮಾಡುತ್ತೀರಿ ಅಂತ ಹೇಳಿ, ಮಾಡಿ. ಆಗುವುದಿಲ್ಲ ಅನ್ನುವುದಾದರೆ ಮುಖ ನೋಡಿ ಆಗುವುದಿಲ್ಲ ಅನ್ನಿ. ಬೈಸಿಕೊಳ್ಳಿ, ಪರವಾಗಿಲ್ಲ. ಇಲ್ಲ ಅನ್ನಿಸಿಕೊಂಡವರು ಬೇರೆ ದಾರಿ ಹುಡುಕುತ್ತಾರೆ, ಅಳುತ್ತಲಾದರೂ ಹುಡುಕುತ್ತಾರೆ. ಪಕ್ಕದಲ್ಲಿ ಕೂತು ಕೇಳಿದವರೂ ಅಷ್ಟೇ, ನಮಗೇನು ಅಂತ ಎದ್ದು ಹೋಗಬೇಡಿ. ಕೇಳಿದವರೆಲ್ಲರ ಮೇಲೂ ಆ ಭಾರದ ಒಂದು ಪಾಲು ಬಿದ್ದಿರುತ್ತದೆ.

ವಿರೂಪಾಕ್ಷಗೌಡರೇ, ನೀವು ಕಮಿಟಿಯ ಅಧ್ಯಕ್ಷರು. ಏಳಿ. ಹೌದು, ಈಗಲೇ. ಮಂಗಳಾರತಿ ಆಮೇಲೆ ಮಾಡೋಣ, ದೇವರು ಕಾಯುತ್ತಾನೆ. ಅಡಿಗೆ ಮನೆಗೆ ಹೋಗಿ, ನಾಳೆಯಿಂದ ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಅಂತ ಫಕೀರವ್ವನ ಎದುರು ಹೇಳಿ ಬನ್ನಿ. ಆಕೆ ಇನ್ನೂ ಇದ್ದಾಳೆ. ಹೋಗಿ.